ಇಂದಿನ ಧಮ್ಮ ಚಿಂತನೆ: ಬುಟ್ಟಿಯ ನಳ್ಳಿ, ಕಾಂಡ್ಲಾ ಕಾಡಿನ ನಳ್ಳಿ





ಇವತ್ತಿನ ಚಿಂತನೆ ದಿನದ್ದಕ್ಕಿಂತ ಉದ್ದ ಇದೆ. ಗದ್ದೆಗೆ, ಫ್ಯಾಕ್ಟರಿಗೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಇರುವವರು ಸಂಜೆ ಬಿಡುವಾಗಿ ಓದಿ. ಆದರೆ ಪೂರ್ತಿ ಓದಿ. ಇದರ ಕೊನೆಯಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಅದನ್ನು ಈ ಗುಂಪಿನಲ್ಲೇ ಹೇಳಬೇಕಾಗಿದೆ.

ನಮ್ಮ ಸಭೆಗಳಲ್ಲಿ ಒಂದು ಮಾತು ಆಗಾಗ ಬರುತ್ತದೆ. "ನಮ್ಮ ಜನ ಬುಟ್ಟಿಯೊಳಗಿನ ನಳ್ಳಿಗಳಿದ್ದ ಹಾಗೆ. ಒಬ್ಬ ಮೇಲೆ ಹತ್ತಿದರೆ ಇನ್ನೊಬ್ಬ ಕಾಲು ಹಿಡಿದು ಎಳೆಯುತ್ತಾನೆ. ಆ ಬುಟ್ಟಿಗೆ ಮುಚ್ಚಳವೇ ಬೇಕಾಗಿಲ್ಲ." ಹೇಳಿದ ತಕ್ಷಣ ಎಲ್ಲರೂ ನಗುತ್ತಾರೆ. ಕೆಲವರು ಚಪ್ಪಾಳೆಯನ್ನೂ ತಟ್ಟುತ್ತಾರೆ. ನಗುವವರೆಲ್ಲರೂ ಎಳೆದವನು ಬೇರೆ ಯಾರೋ ಅಂದುಕೊಂಡಿರುತ್ತಾರೆ.

ಆ ಮಾತನ್ನು ನಾನೂ ಹೇಳಿದ್ದೇನೆ. ವೇದಿಕೆಯ ಮೇಲೆ ಹೇಳಿದ್ದೇನೆ, ತರಗತಿಯಲ್ಲಿ ಹೇಳಿದ್ದೇನೆ, ಕಳೆದ ವರ್ಷ ಇದೇ ಗುಂಪಿನಲ್ಲಿ ಒಬ್ಬ ತಮ್ಮನ ಮೇಲೆ ಬರೆದಿದ್ದೇನೆ. ಎಲ್ಲರೂ ಹೇಳುತ್ತಾರೆ ಅನ್ನುವ ಕಾರಣಕ್ಕೆ ಒಂದು ಮಾತನ್ನು ಒಪ್ಪಬೇಡಿ, ಪರೀಕ್ಷೆ ಮಾಡಿ ನೋಡಿ ಅಂತ ಭಗವಾನ್ ಬುದ್ಧರು ಕಾಲಾಮರಿಗೆ ತಿಳಿಸಿದರು. ಈ ನಳ್ಳಿಯ ಮಾತನ್ನೂ ಇವತ್ತು ಹಾಗೇ ಪರೀಕ್ಷೆ ಮಾಡೋಣ.

*ಬಕೆಟ್ಟಿನಲ್ಲಿ ಕಂಡದ್ದು*

ನನ್ನ ಹುಟ್ಟೂರು ತಿ. ನರಸೀಪುರ ತಾಲ್ಲೂಕಿನ ನಾಲೆ ಬಯಲಿನದು. ನಳ್ಳಿ ಅಂದರೆ ನಮಗೆ ಪಾಠವಲ್ಲ, ಸಾರು. ಭತ್ತದ ಗದ್ದೆಯ ಬದುವಿನಲ್ಲಿ ನಳ್ಳಿಗಳು ಬಿಲ ತೋಡುತ್ತವೆ. ಆ ಬಿಲದಿಂದ ನೀರು ಸೋರಿ ಕೆಳಗಿನ ಗದ್ದೆಗೆ ಹೋಗುತ್ತದೆ ಅಂತ ಗದ್ದೆಯವರು ಬೈಯುತ್ತಿದ್ದರು. ನಾಟಿ ಕೆಲಸಕ್ಕೆ ಹೋಗುತ್ತಿದ್ದ ನಮ್ಮವ್ವ ಸಂಜೆ ಬರುವಾಗ ನಾವು ಹುಡುಗರು ಬಕೆಟ್ಟು ಹಿಡಿದು ಎದುರು ಹೋಗುತ್ತಿದ್ದೆವು. ಬಿಲಕ್ಕೆ ಕೈ ಹಾಕಿ ಹಿಡಿದು ಬಕೆಟ್ಟಿಗೆ ಹಾಕುವುದು ನಮ್ಮ ಕೆಲಸ. ಕಚ್ಚದಿರಲಿ ಅಂತ ಇಕ್ಕಳದಂಥ ದೊಡ್ಡ ಮುಂಗಾಲನ್ನು ಮುರಿದು ಹಾಕುತ್ತಿದ್ದೆವು. ಕೆಲವೊಮ್ಮೆ ಅಗತ್ಯವೇ ಇಲ್ಲದೆ, ಆಟಕ್ಕೂ ಮುರಿಯುತ್ತಿದ್ದೆವು.

ಮಜ್ಝಿಮ ನಿಕಾಯದ ಚೂಳಸಚ್ಚಕ ಸುತ್ತದಲ್ಲಿ ಇದೇ ಚಿತ್ರ ಇದೆ. ಹಳ್ಳಿಯ ಮಕ್ಕಳು ಕೊಳದಿಂದ ಏಡಿಯನ್ನು ಮೇಲೆ ತಂದು, ಅದು ಚಾಚಿದ ಒಂದೊಂದೇ ಕಾಲನ್ನು ಕೋಲಿನಿಂದ, ಕಲ್ಲಿನಿಂದ ಮುರಿಯುತ್ತಾರೆ. ಆಮೇಲೆ ಅದು ಕೊಳಕ್ಕೆ ಹಿಂದಿರುಗಲಾರದು. ವಾದದಲ್ಲಿ ಸೋತ ಒಬ್ಬ ಪಂಡಿತನಿಗೆ ಅಲ್ಲಿ ಆ ಹೋಲಿಕೆ ಬಂದಿದೆ. ಮೊದಲ ಸಲ ಓದಿದಾಗ ನನಗೆ ಆ ಪಂಡಿತ ಕಾಣಲಿಲ್ಲ. ನಮ್ಮ ಬಕೆಟ್ಟು ಕಂಡಿತು.

ಶಾಲೆಯಲ್ಲಿ ನಳ್ಳಿ ಸಾರು ತಿನ್ನುವವರು ಅಂತ ನಮ್ಮನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದ ಮಕ್ಕಳಿದ್ದರು. ಅವರ ಮನೆಯ ಪಂಚಾಂಗದಲ್ಲಿ ಅದೇ ಪ್ರಾಣಿ ಕಟಕ ರಾಶಿಯಾಗಿ ಕೂತಿರುತ್ತಿತ್ತು. ಕಾಗದದ ಮೇಲೆ ಕೂತರೆ ಪೂಜ್ಯ, ನಮ್ಮ ಮಡಕೆಯಲ್ಲಿ ಬೆಂದರೆ ಹೇಸಿಗೆ. ಈ ಲೆಕ್ಕ ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ.

ಬಕೆಟ್ಟಿನೊಳಗೆ ಒಂದರ ಮೇಲೊಂದು ಹತ್ತಿ, ಹಿಡಿದು, ಬೀಳುವ ನಳ್ಳಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಆ ಗಾದೆಯಂಥ ಮಾತು ನಿಜ ಅಂತಲೇ ನಲವತ್ತು ದಾಟುವವರೆಗೂ ನಂಬಿದ್ದೆ.

*ಹೊನ್ನಾವರದ ಕೆಸರಿನಲ್ಲಿ*

ಕಳೆದ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಜೋಗ ನೋಡಿ, ಘಟ್ಟ ಇಳಿದು, ಹೊನ್ನಾವರಕ್ಕೆ ಹೋದೆವು. ಅಲ್ಲಿ ಶರಾವತಿ ಸಮುದ್ರ ಸೇರುವ ಕಡೆ, ಕಾಸರಕೋಡಿನಲ್ಲಿ, ಅರಣ್ಯ ಇಲಾಖೆಯವರು ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಪುಸ್ತಕದಲ್ಲಿ ಮ್ಯಾಂಗ್ರೋವ್ ಅನ್ನುವುದನ್ನು ಕರಾವಳಿಯ ಕನ್ನಡದಲ್ಲಿ ಕಾಂಡ್ಲಾ ಅನ್ನುತ್ತಾರೆ.

ನಮ್ಮ ಮಕ್ಕಳಿಗೆ ಹೊಂಗೆ, ಬೇವು, ಆಲ, ತೆಂಗು ಗೊತ್ತು. ಇಂಥ ಮರ ಅವರು ಕಂಡಿರಲಿಲ್ಲ. ಒಂದು ಮರ ಕಾಂಡದಿಂದಲೇ ಬೇರುಗಳನ್ನು ಇಳಿಬಿಟ್ಟು, ಹತ್ತಾರು ಊರುಗೋಲು ಊರಿದ ಮುದುಕನ ಹಾಗೆ ಕೆಸರಿನಲ್ಲಿ ನಿಂತಿದೆ. ಅದು ರೈಜೋಫೊರಾ. ಇನ್ನೊಂದರ ಸುತ್ತ, ಪೆನ್ಸಿಲ್ಲುಗಳನ್ನು ತಲೆಕೆಳಗು ನೆಟ್ಟ ಹಾಗೆ, ಬೇರುಗಳೇ ನೆಲದಿಂದ ಮೇಲಕ್ಕೆ ಚುಚ್ಚಿಕೊಂಡು ಬಂದಿವೆ. ಅದು ಅವಿಸೆನಿಯಾ. ಆ ಕೆಸರಿನೊಳಗೆ ಗಾಳಿ ಇಲ್ಲ. ಬೇರಿಗೆ ಉಸಿರಾಡಲು ಆಗುವುದಿಲ್ಲ. ಅದಕ್ಕೆ ಒಂದು ಮರ ಬೇರನ್ನು ಮೇಲಿನಿಂದ ಇಳಿಸುತ್ತದೆ, ಇನ್ನೊಂದು ಕೆಳಗಿನಿಂದ ಏರಿಸುತ್ತದೆ.

ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಉಪ್ಪುನೀರು ನುಗ್ಗುತ್ತದೆ. ಬೇರೆ ಗಿಡಗಳಾದರೆ ಸತ್ತೇ ಹೋಗುತ್ತವೆ. ರೈಜೋಫೊರಾ ಬೇರಿನ ಹತ್ತಿರವೇ ಬಹುಪಾಲು ಉಪ್ಪನ್ನು ತಡೆದು ನೀರನ್ನು ಮಾತ್ರ ಒಳಗೆ ಬಿಡುತ್ತದೆ. ಅವಿಸೆನಿಯಾ ಉಪ್ಪನ್ನು ಒಳಗೆ ತೆಗೆದುಕೊಂಡು ಎಲೆಯಿಂದ ಬೆವರಿನ ಹಾಗೆ ಹೊರಹಾಕುತ್ತದೆ. ಒಬ್ಬ ಹುಡುಗ ಎಲೆ ನೆಕ್ಕಿ ನೋಡಿ, "ಸಾರ್, ಉಪ್ಪು!" ಅಂತ ಕೂಗಿದ.

ಈ ಜಾತಿಯ ಮರಗಳಲ್ಲಿ ಒಂದಕ್ಕೆ ವಿಜ್ಞಾನದಲ್ಲಿ ಕ್ಯಾಂಡೇಲಿಯಾ ಅಂತ ಹೆಸರು. ಅದು ಯುರೋಪಿನ ಮಾತಲ್ಲ. ಮಲಬಾರಿನ ಜನರು ಹೇಳುತ್ತಿದ್ದ ಕಂಡಲ್ ಎಂಬ ಮಾತಿನಿಂದ ಬಂದದ್ದು, ನಮ್ಮ ಕಾಂಡ್ಲಾ ಅದರ ನೆಂಟ. 17ನೇ ಶತಮಾನದಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮರಗಳ ಮೇಲೆ 'ಹಾರ್ಟಸ್ ಮಲಬಾರಿಕಸ್' ಎಂಬ ದೊಡ್ಡ ಗ್ರಂಥ ಮಾಡಿಸಿದ. ಅದಕ್ಕೆ ಮುಖ್ಯವಾಗಿ ತಿಳಿವಳಿಕೆ ಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಒಬ್ಬರು. ಅವರು ಈಳವ ಸಮುದಾಯದ ವೈದ್ಯರು. ಆ ಕಾಲದ ಜಾತಿಯ ಲೆಕ್ಕದಲ್ಲಿ ದೂರ ನಿಲ್ಲಬೇಕಾಗಿದ್ದವರು. ಕೆಸರಿನ ಹತ್ತಿರ ಬದುಕಿದವರಿಗೆ ಕೆಸರಿನ ಗಿಡದ ಹೆಸರು ಗೊತ್ತಿತ್ತು.

ನಾವು ಹೋದಾಗ ಇಳಿತದ ಹೊತ್ತು. ನೀರು ಹಿಂದೆ ಸರಿದು ಕಪ್ಪು ಕೆಸರು ಬಿಸಿಲಿಗೆ ತೆರೆದಿತ್ತು. ನೋಡನೋಡುತ್ತಾ ಕೆಸರು ಅಲ್ಲಾಡಿತು. ನೂರಾರು ಬಿಲಗಳಿಂದ ನೂರಾರು ನಳ್ಳಿಗಳು. ನಾಲೆ ಬಯಲಿನ ನಮ್ಮ ಮಕ್ಕಳು "ನಳ್ಳಿ! ನಳ್ಳಿ!" ಅಂತ ಹಲಗೆಯ ಮೇಲೆ ಕುಣಿದರು. ಕೆಲವು ನಮ್ಮೂರಿನವಕ್ಕಿಂತ ಬಹಳ ಚಿಕ್ಕವು. ಗಂಡು ನಳ್ಳಿಗೆ ಒಂದು ಮುಂಗಾಲು ಮಾತ್ರ ದೇಹದಷ್ಟೇ ದೊಡ್ಡದು. ಅದನ್ನು ಎತ್ತಿ ಎತ್ತಿ ಬೀಸುತ್ತವೆ. ಒಂದೊಂದೂ ಕೆಸರನ್ನು ಬಾಯಿಗೆ ಹಾಕಿಕೊಂಡು, ತಿನ್ನುವುದನ್ನು ತಿಂದು, ಉಳಿದದ್ದನ್ನು ರಾಗಿಕಾಳಿನಂಥ ಸಣ್ಣ ಉಂಡೆ ಮಾಡಿ ಪಕ್ಕಕ್ಕೆ ಇಡುತ್ತಿತ್ತು.

ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಬಹಳ ಹೊತ್ತು ಬಗ್ಗಿ ನೋಡುತ್ತಿದ್ದಳು. ಆಮೇಲೆ ನನ್ನನ್ನು ಕೇಳಿದಳು: "ಸಾರ್, ನೀವು ಕ್ಲಾಸಲ್ಲಿ ನಳ್ಳಿ ಒಂದರ ಕಾಲು ಒಂದು ಎಳೀತವೆ ಅಂದಿದ್ರಲ್ಲ? ಇಲ್ಲಿ ಯಾವುದೂ ಎಳೀತಿಲ್ವಲ್ಲ ಸಾರ್?"

ನನಗೆ ಉತ್ತರ ಬರಲಿಲ್ಲ. ಪಾಠ ಮಾಡುವವನಿಗೆ ಉತ್ತರ ಬಾರದ ಪ್ರಶ್ನೆ ಬಂದರೆ ಅದು ಒಳ್ಳೆಯ ದಿನ ಅಂತ ತಿಳಿಯಬೇಕು.

*ನಳ್ಳಿ ಇಲ್ಲದಿದ್ದರೆ ಮರ ಇಲ್ಲ*

ಊರಿಗೆ ಬಂದ ಮೇಲೆ ಓದಿದೆ. ಕಾಂಡ್ಲಾ ಕಾಡಿನಲ್ಲಿ ನಳ್ಳಿ ಏನು ಕೆಲಸ ಮಾಡುತ್ತದೆ ಅಂತ ತಿಳಿದು ಬೆರಗಾದೆ.

ಆ ಕಪ್ಪು ಕೆಸರಿಗೆ ಕೊಳೆತ ಮೊಟ್ಟೆಯ ವಾಸನೆ. ಗಾಳಿ ಇಲ್ಲದ ಕಡೆ ಹುಟ್ಟುವ ಸಲ್ಫೈಡಿನ ವಾಸನೆ ಅದು, ಬೇರಿಗೆ ವಿಷ. ನಳ್ಳಿ ಬಿಲ ತೋಡಿದಾಗ ಆ ಬಿಲದೊಳಗೆ ಉಬ್ಬರದ ನೀರು, ಅದರ ಜೊತೆ ಗಾಳಿ, ಆಳಕ್ಕೆ ಇಳಿಯುತ್ತವೆ. ಕೂತ ಉಪ್ಪೂ ವಿಷವೂ ತೊಳೆದು ಹೋಗುತ್ತವೆ. ಕೆಲವು ಜಾತಿಯ ನಳ್ಳಿಗಳು ಉದುರಿದ ಎಲೆಗಳನ್ನು ಬಿಲಕ್ಕೆ ಎಳೆದುಕೊಂಡು ಹೋಗಿ ತಿನ್ನುತ್ತವೆ. ಇಲ್ಲದಿದ್ದರೆ ಆ ಎಲೆ ಇಳಿತದ ಜೊತೆ ಸಮುದ್ರಕ್ಕೆ ಹೋಗುತ್ತಿತ್ತು. ನಳ್ಳಿ ಹಿಡಿದುಕೊಂಡದ್ದರಿಂದ ಅದರ ಸಾರ ಆ ನೆಲದಲ್ಲೇ ಗೊಬ್ಬರವಾಗಿ ಉಳಿಯುತ್ತದೆ.

ಆಸ್ಟ್ರೇಲಿಯಾದ ಉತ್ತರದ ಒಂದು ಕಾಂಡ್ಲಾ ಕಾಡಿನಲ್ಲಿ ವಿಜ್ಞಾನಿಗಳು ಕೆಲವು ತುಂಡು ನೆಲದಿಂದ ನಳ್ಳಿಗಳನ್ನೆಲ್ಲ ಹಿಡಿದು ತೆಗೆದು ನೋಡಿದರು. 1991ರಲ್ಲಿ ಆ ಪ್ರಯೋಗ ಪ್ರಕಟವಾಯಿತು. ನಳ್ಳಿ ಇಲ್ಲದ ಕಡೆ ಕೆಸರಿನ ವಿಷ ಹೆಚ್ಚಿತು, ಮರದ ಬೆಳವಣಿಗೆ ಕುಗ್ಗಿತು, ಕಾಯಿ ಕಟ್ಟುವುದೂ ಕಡಿಮೆ ಆಯಿತು. ನಮ್ಮ ಬದುವಿನಲ್ಲಿ ಬೈಸಿಕೊಳ್ಳುವ ಅದೇ ಬಿಲ ಅಲ್ಲಿ ಮರದ ಉಸಿರು.

ಇನ್ನೊಂದು ಸಂಗತಿ ಕೇಳಿ. ಆಸ್ಟ್ರೇಲಿಯಾದಲ್ಲೇ, ಆ ಒಂಟಿ ದೊಡ್ಡ ಮುಂಗಾಲಿನ ಚಿಕ್ಕ ನಳ್ಳಿಗಳನ್ನು ಬ್ಯಾಕ್‌ವೆಲ್ ಮತ್ತು ಜೆನ್ನಿಯನ್ಸ್ ಎಂಬ ಇಬ್ಬರು ಅಭ್ಯಾಸ ಮಾಡಿ 2004ರಲ್ಲಿ ಬರೆದರು. ಹೊರಗಿನ ನಳ್ಳಿಯೊಂದು ಬಂದು ಚಿಕ್ಕವನ ಬಿಲ ಕಿತ್ತುಕೊಳ್ಳಲು ನೋಡಿದಾಗ, ಪಕ್ಕದ ದೊಡ್ಡ ನಳ್ಳಿ ತನ್ನ ಬಿಲ ಬಿಟ್ಟು ಬಂದು ಚಿಕ್ಕವನ ಪರವಾಗಿ ಹೋರಾಡುವುದುಂಟು. ಅದು ದೊಡ್ಡತನ ಅಂತ ಹೇಳಬೇಕಾಗಿಲ್ಲ. ಗೊತ್ತಿರುವ ನೆರೆಯವನು ಉಳಿದರೆ ತನಗೂ ನೆಮ್ಮದಿ, ಅಷ್ಟೇ.

ನಳ್ಳಿಗಳು ಸಂತರಲ್ಲ. ಬಿಲಕ್ಕಾಗಿ, ಹೆಣ್ಣಿಗಾಗಿ ಜಗಳ ಆಡುತ್ತವೆ. ಕಾಂಡ್ಲಾದ ಎಳೆಯ ಸಸಿಗಳನ್ನೂ ಕೆಲವು ತಿನ್ನುತ್ತವೆ. ಇದನ್ನು ಮುಚ್ಚಿಟ್ಟು ಹೇಳಿದರೆ ಧಮ್ಮದ ಮಾತಾಗುವುದಿಲ್ಲ. ಆದರೆ ಅದರ ಬದುಕನ್ನು ಪೂರ್ತಿ ನೋಡಿದರೆ, ಮೇಲೆ ಹತ್ತುವವನ ಕಾಲು ಎಳೆಯುವುದೇ ಅದರ ಗುಣ ಅಂತ ಹೇಳಲು ಆಧಾರ ಇಲ್ಲ.

*ಹಾಗಾದರೆ ಬಕೆಟ್ಟಿನಲ್ಲಿ ಯಾಕೆ ಹಾಗೆ?*

ಇಲ್ಲಿ ನಾವು ಪಟಿಚ್ಚ ಸಮುಪ್ಪಾದವನ್ನು ನೆನೆಯಬೇಕು. ಇದು ಇದ್ದಾಗ ಅದು ಆಗುತ್ತದೆ, ಇದು ಇಲ್ಲವಾದಾಗ ಅದೂ ಇಲ್ಲವಾಗುತ್ತದೆ ಅನ್ನುವುದು ಭಗವಾನರ ಬೋಧನೆಯ ಬೆನ್ನೆಲುಬು. ಯಾವುದೂ ತಾನಾಗಿಯೇ, ಹುಟ್ಟಿನಿಂದಲೇ, ಎಂದೆಂದಿಗೂ ಹಾಗೇ ಇರುವುದಿಲ್ಲ. ಕಾರಣಗಳು ಕೂಡಿದಾಗ ಹಾಗೆ ಆಗುತ್ತದೆ.

ಆ ಹುಡುಗಿಯ ಪ್ರಶ್ನೆಯಿಂದ ನನಗೆ ಮರೆತೇ ಹೋಗಿದ್ದ ಒಂದು ಸಂಜೆ ನೆನಪಾಯಿತು. ನಾಲೆಯ ಏರಿಯ ಮೇಲೆ ನಾನು ಎಡವಿ ಬಿದ್ದೆ, ಬಕೆಟ್ಟು ಉರುಳಿತು. ಹತ್ತು ಹನ್ನೆರಡು ನಳ್ಳಿಗಳು ಹೊರಗೆ ಬಿದ್ದವು. ಒಂದೂ ಇನ್ನೊಂದನ್ನು ಹಿಡಿಯಲಿಲ್ಲ. ಪ್ರತಿಯೊಂದೂ ತನ್ನ ದಾರಿ ಹಿಡಿದು ಅಡ್ಡಡ್ಡವಾಗಿ ಓಡಿ ನೀರಿಗೆ ಇಳಿಯಿತು. ನಾನು ಅಳುತ್ತಾ ನಿಂತಿದ್ದೆ, ನಮ್ಮವ್ವ ನಗುತ್ತಾ "ಹೋಗ್ಲಿ ಬುಡು ಮಗ, ಅವೂ ಮನೆಗೆ ಹೋದೋ" ಅಂದಳು.

ಬಕೆಟ್ಟಿನೊಳಗೆ ಇದ್ದಾಗ ಆ ನಳ್ಳಿಗೆ ಕಾಲೂರಲು ನೆಲ ಇಲ್ಲ. ಗೋಡೆ ನುಣುಪು, ಹಿಡಿಯಲು ಏನೂ ಇಲ್ಲ. ಕೈಗೆ ಸಿಗುವುದು ಇನ್ನೊಂದು ನಳ್ಳಿ ಮಾತ್ರ. ಅದನ್ನು ಹಿಡಿದುಕೊಳ್ಳುತ್ತದೆ. ಅದು ಎಳೆಯುತ್ತಿಲ್ಲ, ಬದುಕಿಕೊಳ್ಳಲು ನೋಡುತ್ತಿದೆ. ಮೇಲಿನಿಂದ ಬಗ್ಗಿ ನೋಡುವವನಿಗೆ ಅದು ಎಳೆದಂತೆ ಕಾಣುತ್ತದೆ. ಅವನು ಆಮೇಲೆ ಗಾದೆ ಕಟ್ಟುತ್ತಾನೆ. ನಳ್ಳಿಯ ಗುಣವನ್ನು ಕುರಿತು ಗಾದೆ ಇದೆ. ಬಕೆಟ್ಟು ತಂದವನನ್ನು ಕುರಿತು ಗಾದೆ ಇಲ್ಲ.

ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಅಂತ ಕರೆದರು. ಬರೀ ಮೇಲಿನವನು, ಕೆಳಗಿನವನು ಅಂತ ಎರಡೇ ಇದ್ದಿದ್ದರೆ ಕೆಳಗಿನವರೆಲ್ಲ ಒಟ್ಟಾಗುವುದು ಸುಲಭ ಇತ್ತು. ಇಲ್ಲಿ ಮೆಟ್ಟಿಲ ಮೇಲೆ ಮೆಟ್ಟಿಲು. ಪ್ರತಿಯೊಬ್ಬನಿಗೂ ತುಳಿಸಿಕೊಳ್ಳಲು ಮೇಲೊಬ್ಬ, ತುಳಿಯಲು ಕೆಳಗೊಬ್ಬ. ಇದಕ್ಕಿಂತ ಒಳ್ಳೆಯ ಬಕೆಟ್ಟು ಯಾರು ಮಾಡಿಯಾರು? ಅದರೊಳಗೆ ತಲೆತಲಾಂತರ ಇಟ್ಟು, ಆಮೇಲೆ "ನೋಡಿ, ಇವರಲ್ಲಿ ಒಗ್ಗಟ್ಟಿಲ್ಲ" ಅನ್ನುತ್ತಾರೆ. ನಾವೂ ಅದನ್ನೇ ಕಲಿತು ನಮ್ಮ ಮೇಲೆ ನಾವೇ ಹೇಳಿಕೊಂಡು ನಗುತ್ತೇವೆ.

*ಸಂಗಮದ ನೀರು ಎಲ್ಲಿಗೆ ಹೋಗುತ್ತದೆ*

ಹೊನ್ನಾವರ ದೂರದ ಮಾತು, ಶರಾವತಿ ನಮ್ಮ ನದಿಯಲ್ಲ ಅಂತ ಯಾರಾದರೂ ಹೇಳಬಹುದು. ಸರಿ, ನಮ್ಮ ನದಿಯ ಹಿಂದೆಯೇ ಹೋಗೋಣ.

ನಂಜನಗೂಡಿನ ಪಕ್ಕ ಹರಿಯುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಸಂಗಮ ದಾಟಿದ ಮೇಲೆ ಕಪಿಲೆ ಅನ್ನುವ ಹೆಸರಿಲ್ಲ. ತಲಕಾಡಿನಲ್ಲಿ ನಿಂತು ಇದು ಕಪಿಲೆಯ ನೀರು, ಇದು ಕಾವೇರಿಯ ನೀರು ಅಂತ ಯಾರೂ ಬೇರೆ ಮಾಡಲಾರರು. ಮಹಾನದಿಗಳು ಸಮುದ್ರ ಸೇರಿದಾಗ ತಮ್ಮ ಹೆಸರು ಬಿಡುವ ಹಾಗೆ, ಸಂಘ ಸೇರಿದವರು ತಮ್ಮ ಜಾತಿ ಕುಲಗಳನ್ನು ಬಿಡುತ್ತಾರೆ ಎಂದು ಭಗವಾನರು ಹೇಳಿದ್ದನ್ನು ನೀವೆಲ್ಲ ಓದಿದ್ದೀರಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದ ಬಾಬಾಸಾಹೇಬರು ಮರುದಿನದ ಭಾಷಣದಲ್ಲಿ ಇದೇ ಹೋಲಿಕೆಯನ್ನು ಜನರಿಗೆ ನೆನಪಿಸಿದರು. ನಮಗೆ ಅದಕ್ಕೆ ದೂರ ಹೋಗಬೇಕಾಗಿಲ್ಲ, ನರಸೀಪುರದ ಸೇತುವೆಯ ಮೇಲೆ ನಿಂತರೆ ಸಾಕು.

ಆ ನೀರು ಶಿವನಸಮುದ್ರ, ಮೆಟ್ಟೂರು ದಾಟಿ ತಿರುಚಿರಾಪಳ್ಳಿಯ ಹತ್ತಿರ ಕವಲೊಡೆಯುತ್ತದೆ. ಒಂದು ಕವಲಿಗೆ ಕೊಳ್ಳಿಡಂ ಅಂತ ಹೆಸರು. ಕೊಳ್ಳಿಡಂ ಸಮುದ್ರ ಸೇರುವ ಕಡೆಗೆ ಉತ್ತರದಲ್ಲಿ, ಚಿದಂಬರದ ಹತ್ತಿರ, ಪಿಚ್ಚಾವರಂ ಅನ್ನುವ ದೊಡ್ಡ ಕಾಂಡ್ಲಾ ಕಾಡಿದೆ. ಅಲ್ಲಿ ಇರುಳ ಸಮುದಾಯದ ಜನ ನೀರಿನಲ್ಲಿ ಇಳಿದು ಬರಿಗೈಯಲ್ಲೇ ಸೀಗಡಿ, ನಳ್ಳಿ ಹಿಡಿದು ಬದುಕುತ್ತಾರೆ. ನಮ್ಮ ನದಿಯ ಈ ತುದಿಯಲ್ಲಿ ಬಿಲಕ್ಕೆ ಕೈ ಹಾಕುವ ನಾವು, ಆ ತುದಿಯಲ್ಲಿ ಅವರು.

ಆ ಕಾಡಿನ ಕಥೆಯಲ್ಲಿ ನಮಗೆ ಪಾಠ ಇದೆ. ಬ್ರಿಟಿಷರ ಕಾಲದಿಂದ ಎಷ್ಟೋ ದಶಕ ಅಲ್ಲಿನ ಮರಗಳನ್ನು ತುಂಡು ತುಂಡು ಜಾಗವಾಗಿ ಪೂರ್ತಿ ಕಡಿಯುತ್ತಿದ್ದರು. ಮರ ಹೋದ ಜಾಗಕ್ಕೆ ಬಿಸಿಲು ಬಿತ್ತು, ಕೆಸರು ಒಣಗಿ ಕುಸಿದು ತಟ್ಟೆಯ ಹಾಗೆ ತಗ್ಗಾಯಿತು. ಉಬ್ಬರದಲ್ಲಿ ಬಂದ ನೀರು ಹೊರಹೋಗಲಾರದೆ ಅಲ್ಲೇ ನಿಂತು ಆರಿ, ಉಪ್ಪು ಕೂತಿತು. ಆಮೇಲೆ ಅಲ್ಲಿ ಸಸಿ ಬದುಕಲಿಲ್ಲ. ಈ ನೆಲವೇ ಬಂಜರು ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ ಇತ್ತು.

1990ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಮತ್ತು ತಮಿಳುನಾಡು ಅರಣ್ಯ ಇಲಾಖೆಯವರು ನೆಲವನ್ನು ದೂರಲಿಲ್ಲ. ಮೀನಿನ ಮುಳ್ಳಿನ ಆಕಾರದಲ್ಲಿ, ಒಂದು ದೊಡ್ಡ ಕಾಲುವೆ, ಅದರಿಂದ ಆಚೀಚೆ ಚಿಕ್ಕ ಕಾಲುವೆಗಳನ್ನು ತೋಡಿಸಿದರು. ಉಬ್ಬರದ ನೀರು ಬಂತು, ಇಳಿತದಲ್ಲಿ ಹೊರಗೆ ಹೋಯಿತು. ಕೂತ ಉಪ್ಪನ್ನು ತೊಳೆದುಕೊಂಡು ಹೋಯಿತು. ನೆಟ್ಟ ಸಸಿಗಳು ಹಿಡಿದವು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಆ ಕಾಡಿನ ಮರೆಯಲ್ಲಿದ್ದ ಹಳ್ಳಿಗಳಿಗೆ ಹಾನಿ ಕಡಿಮೆ ಆಯಿತೆಂದು ಅಭ್ಯಾಸ ಮಾಡಿದವರು ಬರೆದಿದ್ದಾರೆ.

ಬಾಬಾಸಾಹೇಬರು ಮಾಡಿದ್ದೂ ಕಾಲುವೆ ತೋಡುವ ಕೆಲಸವೇ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು. ನಿಂತ ನೀರಿಗೆ ಹರಿಯಲು ದಾರಿ ಮಾಡಿಕೊಟ್ಟರು. ನನ್ನಂಥವನು ಕನ್ನಡ ಎಂ.ಎ. ಮಾಡಿ ಮೇಷ್ಟ್ರಾದದ್ದು ಆ ಕಾಲುವೆಯ ನೀರಿನಿಂದ.

*ಹಾಗಾದರೆ ನಮ್ಮ ತಪ್ಪೇ ಇಲ್ಲವೇ?*

ಹೋದ ಭಾನುವಾರ ವಿಹಾರದಲ್ಲಿ ಈ ವಿಷಯ ಸ್ವಲ್ಪ ಮಾತಾಡಿದಾಗ ಒಬ್ಬ ಹಿರಿಯರು ಕೇಳಿದರು: "ಅಂಗಾರೆ ತಪ್ಪೆಲ್ಲ ಬಕೀಟ್ದೇಯ ಮೇಷ್ಟ್ರೇ? ಎಳ್ದೋರು ನಾವಲ್ವಾ?"

ಒಳ್ಳೆಯ ಪ್ರಶ್ನೆ. ಕಾರಣ ಗೊತ್ತಾದರೆ ಹೊಣೆ ಕಡಿಮೆ ಆಗುವುದಿಲ್ಲ, ಹೆಚ್ಚುತ್ತದೆ. ನಳ್ಳಿಗೆ ಬಕೆಟ್ಟು ಕಾಣುವುದಿಲ್ಲ. ನಮಗೆ ಕಾಣುತ್ತದೆ. ಕಂಡ ಮೇಲೂ ನಾವೇ ಇನ್ನೊಂದು ಬಕೆಟ್ಟು ಮಾಡಿ ನಮ್ಮವರನ್ನು ಅದರೊಳಗೆ ಹಾಕಿದರೆ, ಆ ಕರ್ಮ ನಮ್ಮದೇ.

ಈಗ ನನ್ನ ಮಾತು.

ಕಳೆದ ವರ್ಷ ಏಪ್ರಿಲ್ 14ರ ಜಯಂತಿ ಮುಗಿದ ಮೇಲೆ ಲೆಕ್ಕ ಕೂಡಿಸುವ ಕೆಲಸ ನನ್ನದಾಗಿತ್ತು. ಒಂದು ರಸೀದಿ ಪುಸ್ತಕದ ಹಣ ಬಂದಿರಲಿಲ್ಲ. ಆ ಪುಸ್ತಕ ನಮ್ಮ ವಲಯದ ಒಬ್ಬ ಯುವಕನ ಹತ್ತಿರ ಇತ್ತು. ಫೋನ್ ಮಾಡಿ ಕೇಳಬಹುದಿತ್ತು, ಮನೆಗೆ ಹೋಗಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಈ ಗುಂಪಿನಲ್ಲಿ, ಎಲ್ಲರೂ ಓದುವ ಹಾಗೆ, ಲೆಕ್ಕ ಕೇಳಿದೆ. ಅವನು ಉತ್ತರ ಕೊಡಲು ತಡ ಮಾಡಿದಾಗ ಆ ಬುಟ್ಟಿಯ ನಳ್ಳಿಯ ಮಾತನ್ನು ಬರೆದೆ. ನಗುವ ಗುರುತುಗಳು ಒಂದರ ಹಿಂದೆ ಒಂದು ಬಿದ್ದವು. ಅವತ್ತೇ ರಾತ್ರಿ ಅವನು ಗುಂಪು ಬಿಟ್ಟ. ಭಾನುವಾರಕ್ಕೂ ಬರಲಿಲ್ಲ.

ಹದಿನೈದು ದಿನದ ಮೇಲೆ ಗೊತ್ತಾಯಿತು. ಆ ಹಣವನ್ನು ಅವನು ಶಾಮಿಯಾನದವರಿಗೆ ಕೊಟ್ಟಿದ್ದ. ಚೀಟಿ ಇನ್ನೊಬ್ಬರ ಜೇಬಿನಲ್ಲಿ ಉಳಿದಿತ್ತು. ಒಂದು ರೂಪಾಯಿಯೂ ವ್ಯತ್ಯಾಸ ಇರಲಿಲ್ಲ. ಲೆಕ್ಕ ಸರಿಹೋಯಿತು ಅಂತ ಗುಂಪಿನಲ್ಲಿ ಒಂದು ಸಾಲು ಬರೆದು ಸುಮ್ಮನಾದೆ. ಅವನ ಹೆಸರನ್ನು ಕೆಡಿಸಲು ಹತ್ತು ಸಾಲು, ಸರಿಪಡಿಸಲು ಒಂದು ಸಾಲು.

ಕೋಸಂಬಿಯ ಭಿಕ್ಖುಗಳ ಜಗಳ ನಿಮಗೆ ಗೊತ್ತಿದೆ. ಶೌಚಕ್ಕೆ ಇಟ್ಟ ಪಾತ್ರೆಯಲ್ಲಿ ಉಳಿದ ಸ್ವಲ್ಪ ನೀರಿನಿಂದ ಶುರುವಾದದ್ದು ಸಂಘವನ್ನೇ ಒಡೆಯಿತು ಅಂತ ಅಟ್ಠಕಥೆ ಹೇಳುತ್ತದೆ. ಭಗವಾನರು ಬುದ್ಧಿ ಹೇಳಿದರು, ಕೇಳಲಿಲ್ಲ. ಅವರು ಒಬ್ಬರೇ ಹೊರಟು ಕಾಡಿಗೆ ಹೋದರು. ಕೊನೆಗೆ ಊರಿನ ಉಪಾಸಕರು ಆ ಭಿಕ್ಖುಗಳಿಗೆ ಗೌರವವನ್ನೂ ಭಿಕ್ಷೆಯನ್ನೂ ನಿಲ್ಲಿಸಿದ ಮೇಲೆ ಅವರಿಗೆ ಬುದ್ಧಿ ಬಂತು. ಅದೇ ಕಾಲದಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಹಾಲು ನೀರು ಬೆರೆತ ಹಾಗೆ ಒಟ್ಟಿಗೆ ಇದ್ದರು. ಅವರೂ ಭಿಕ್ಖುಗಳು, ಇವರೂ ಭಿಕ್ಖುಗಳು. ಒಂದೇ ಧಮ್ಮ, ಒಂದೇ ಚೀವರ. ಒಬ್ಬರ ನಡುವೆ ಒಬ್ಬರು ಹೇಗೆ ಇದ್ದರು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ನಳ್ಳಿ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಬೇಕು. ಕಳಚಿದ ಮೇಲೆ ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದರ ಮೈ ಮೆತ್ತಗೆ. ಆಗ ಬಿಲದಲ್ಲಿ ಅಡಗಿರುತ್ತದೆ, ಯಾರು ಮುಟ್ಟಿದರೂ ಗಾಯ. ಆ ಯುವಕ ದೀಕ್ಷೆ ತೆಗೆದುಕೊಂಡು ಎರಡು ವರ್ಷವೂ ಆಗಿರಲಿಲ್ಲ. ಮನೆಯಲ್ಲಿ ಹಳೆಯ ದೇವರ ಹರಕೆ ಬಿಡಿಸಲು ತಂದೆಯ ಜೊತೆ, ನೆಂಟರ ಜೊತೆ ಸೆಣಸುತ್ತಿದ್ದ. ಹಳೆಯ ಚಿಪ್ಪು ಬಿಟ್ಟಿದ್ದ, ಹೊಸದು ಇನ್ನೂ ಗಟ್ಟಿಯಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ಅವನಿಗೆ ಬಿಲದ ಹಾಗೆ ಆಸರೆ ಆಗಬೇಕಿದ್ದ ಈ ಗುಂಪನ್ನು ನಾನೇ ಬಕೆಟ್ಟು ಮಾಡಿದೆ. ಚಿಕ್ಕಂದಿನಲ್ಲಿ ಆಟಕ್ಕೆ ಮುಂಗಾಲು ಮುರಿಯುತ್ತಿದ್ದವನು, ದೊಡ್ಡವನಾಗಿ ಮಾತಿನಲ್ಲಿ ಅದನ್ನೇ ಮಾಡಿದೆ.

ಪ್ರವಾಸದಿಂದ ಬಂದ ಮೇಲೆ, ಜನವರಿಯಲ್ಲಿ, ಅವನ ಊರಿಗೆ ಹೋದೆ. ಹೊಳೆಯ ಹತ್ತಿರದ ಊರು. ಅವರ ತಾಯಿ ಟೀ ಕೊಟ್ಟರು. ತಪ್ಪಾಯಿತು ಅಂತ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಳ್ಳಿ ಅಂದಿದ್ದು ಬೇಜಾರಿಲ್ಲ ಮೇಷ್ಟ್ರೇ. ಎಲ್ಲರ ಮುಂದೆ ಅಂದ್ರಿ. ಇವತ್ತು ಮನೇಲಿ ಕೂತು ತಪ್ಪಾಯ್ತು ಅಂತೀರಿ."

ಅವನು ಹೇಳಿದ್ದು ಸರಿ. ಆದ್ದರಿಂದ ಇವತ್ತು, ಎಲ್ಲಿ ಬರೆದಿದ್ದೆನೋ ಅಲ್ಲೇ, ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾನು ಆ ತಮ್ಮನ ಪ್ರಾಮಾಣಿಕತೆಯನ್ನು ಅನುಮಾನಿಸಿದ್ದು ತಪ್ಪು. ಗುಂಪಿನಲ್ಲಿ ಹೀಯಾಳಿಸಿದ್ದು ಇನ್ನೂ ದೊಡ್ಡ ತಪ್ಪು. ಅವನಲ್ಲಿ ಕ್ಷಮೆ ಕೇಳುತ್ತೇನೆ. ಅವತ್ತು ನಕ್ಕ ಎಲ್ಲರೂ ಒಮ್ಮೆ ಯೋಚಿಸಿ ಅಂತ ಕೇಳುತ್ತೇನೆ, ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ನನಗಿಲ್ಲ. ಅವನು ಈ ಗುಂಪಿನಲ್ಲಿ ಇಲ್ಲ. ಅವನ ಒಪ್ಪಿಗೆ ಪಡೆದು, ಬರೆದದ್ದನ್ನು ಮೊದಲು ಅವನಿಗೆ ಕಳಿಸಿ, ಆಮೇಲೆ ಇಲ್ಲಿ ಹಾಕುತ್ತಿದ್ದೇನೆ. ಅವನು ಹಿಂದಿರುಗುತ್ತಾನೋ ಇಲ್ಲವೋ ಅದು ಅವನಿಗೆ ಬಿಟ್ಟದ್ದು.

*ಈ ವಾರದ ಅಭ್ಯಾಸ*

ಒಂದು: ಯಾರ ಮೇಲಾದರೂ ದೂರಿದ್ದರೆ ಗುಂಪಿನಲ್ಲಿ ಬರೆಯುವ ಮೊದಲು ಫೋನ್ ಮಾಡಿ. ಸಾಧ್ಯವಾದರೆ ಮನೆಗೆ ಹೋಗಿ. ಹಣದ ಲೆಕ್ಕ ಕೇಳಲೇಬೇಕು, ಕೇಳುವ ರೀತಿ ನೋಡಿಕೊಳ್ಳಿ.

ಎರಡು: "ನಮ್ಮ ಜನವೇ ಹೀಗೆ" ಅನ್ನುವ ಮಾತು ನಾಲಿಗೆಗೆ ಬಂದಾಗ ಒಂದು ಕ್ಷಣ ನಿಲ್ಲಿ. ಯಾವ ಕಾರಣದಿಂದ ಹೀಗಾಯಿತು, ಯಾವ ಕಾಲುವೆ ಮುಚ್ಚಿದೆ ಅಂತ ಕೇಳಿಕೊಳ್ಳಿ. ಸಮ್ಮಾ ವಾಚಾ ಅಂದರೆ ಸುಳ್ಳು ಹೇಳದಿರುವುದು ಮಾತ್ರ ಅಲ್ಲ, ಒಡೆಯುವ ಮಾತನ್ನು ಬಿಡುವುದೂ ಹೌದು.

ಮೂರು: ಹೊಸದಾಗಿ ದೀಕ್ಷೆ ಪಡೆದ ಒಬ್ಬರನ್ನು ಈ ವಾರ ಭೇಟಿ ಮಾಡಿ. ಅವರ ಮನೆಯಲ್ಲಿ ಏನು ಕಷ್ಟ ನಡೆಯುತ್ತಿದೆ ಅಂತ ಕೇಳಿ. ಉಪದೇಶ ಬೇಡ, ಕೇಳಿದರೆ ಸಾಕು.

ಈ ಭಾನುವಾರ ಬೆಳಿಗ್ಗೆ ಎಂದಿನಂತೆ ತ್ರಿಸರಣ, ಪಂಚಶೀಲ, ಆಮೇಲೆ ಓದು. ಒಂದು ಚಾಪೆ ಹೆಚ್ಚಿಗೆ ಹಾಸಿರುತ್ತೇವೆ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್. 🙏